ಒಂದೇ ಗುಡ್ಡದ ನೀಲಿ ಹರಳು

ಹರಳುಗಳ ಹೆಸರನ್ನು ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಕೂರಿಸಿಕೊಂಡು ಪಾಠ ಹೇಳುವುದಿಲ್ಲ. ಅಜ್ಜಿಯ ಓಲೆ, ಅತ್ತೆಯ ಉಂಗುರ, ಮದುವೆಮನೆಯಲ್ಲಿ ಪಕ್ಕದಲ್ಲಿ ಕುಳಿತವರ ಪದಕ ನೋಡಿ ನೋಡಿಯೇ ಕೆಂಪು, ಪಚ್ಚೆ, ಹವಳ, ಮುತ್ತು, ಪುಷ್ಯರಾಗ, ಗೋಮೇಧಿಕಗಳೆಲ್ಲ ನಾಲಿಗೆಗೆ ಬಂದುಬಿಡುತ್ತವೆ. ಅವುಗಳಲ್ಲಿ ನೀಲದ ಮಾತೇ ಬೇರೆ. ಅದು ಶನಿಯ ಹರಳು. ನನ್ನ ಅಜ್ಜಿ ನೀಲದ ಹೆಸರನ್ನು ಸಹ ಸ್ವಲ್ಪ ತಗ್ಗಿದ ದನಿಯಲ್ಲೇ ಹೇಳುತ್ತಿದ್ದರು. ಆಗಿಬರುತ್ತದೋ ಇಲ್ಲವೋ ಎಂದು ಮೂರು ರಾತ್ರಿ ದಿಂಬಿನಡಿ ಇಟ್ಟುಕೊಂಡು, ಬಿದ್ದ ಕನಸಿನ ಬಗೆ ನೋಡಿ, ಆಮೇಲೆ ಬೆರಳಿಗೆ ಹಾಕಬೇಕೆಂಬ ನಂಬಿಕೆ ಇಂದಿಗೂ ಹಲವು ಮನೆಗಳಲ್ಲಿದೆ.

ಈ ನವರತ್ನಗಳ ಪಟ್ಟಿಗೆ ಸೇರದ, ನಮ್ಮ ಅಜ್ಜಿಯರು ಕಾಣದ ಇನ್ನೊಂದು ನೀಲಿ ಹರಳಿದೆ. ಅದರ ಹೆಸರು ಟಾಂಜನೈಟ್. ಈಗ ನಮ್ಮ ಪಟ್ಟಣಗಳ ಒಡವೆ ಅಂಗಡಿಗಳಲ್ಲೂ ಅದು ಅಪರೂಪವಾಗಿ ಕಣ್ಣಿಗೆ ಬೀಳುತ್ತದೆ. ಭೂಮಿಯ ಮೇಲೆ ಇದು ವ್ಯಾಪಾರಕ್ಕೆ ಸಾಕಾಗುವಷ್ಟು ಸಿಗುವುದು ಒಂದೇ ಒಂದು ಕಡೆ. ಪೂರ್ವ ಆಫ್ರಿಕದ ಟಾಂಜಾನಿಯ ದೇಶದಲ್ಲಿ, ಅರೂಷಾ ಪಟ್ಟಣಕ್ಕೆ ಹತ್ತಿರದ ಮೆರೆಲಾನಿ ಗುಡ್ಡಗಳಲ್ಲಿ. ಆ ಜಾಗವೆಲ್ಲ ಸೇರಿದರೆ ಕೆಲವೇ ಕಿಲೋಮೀಟರು. ಬೆಳಿಗ್ಗೆ ಹೊರಟರೆ ಊಟದ ಹೊತ್ತಿಗೆ ಕಾಲ್ನಡಿಗೆಯಲ್ಲೇ ಮುಗಿಸಬಹುದಾದ ಅಷ್ಟು ನೆಲಕ್ಕಾಗಿ ಐವತ್ತು ವರ್ಷಗಳಲ್ಲಿ ಏನೇನು ನಡೆಯಿತು ಎಂಬುದನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಮೊದಲು ಕಲ್ಲಿನ ಗುಣ ತಿಳಿದುಕೊಳ್ಳೋಣ. ಟಾಂಜನೈಟ್ ಎಂಬುದು ಜೋಯ್‌ಸೈಟ್ ಎಂಬ ಖನಿಜದ ನೀಲಿ ಬಗೆ. ಕ್ಯಾಲ್ಸಿಯಂ, ಅಲ್ಯುಮಿನಿಯಂ, ಸಿಲಿಕಾನ್, ಆಮ್ಲಜನಕ, ಜೊತೆಗೆ ಚೂರು ಜಲಜನಕ ಸೇರಿ ಆದದ್ದು. ಇವುಗಳಲ್ಲಿ ಬಣ್ಣ ಕೊಡುವಂಥದು ಯಾವುದೂ ಇಲ್ಲ. ನೀಲಿ ಬರುವುದು ವೆನೇಡಿಯಂ ಎಂಬ ಲೋಹದಿಂದ, ಅದೂ ಅತ್ಯಲ್ಪ ಪ್ರಮಾಣದಲ್ಲಿ ಬೆರೆತು. ಪಾಯಸಕ್ಕೆ ಕೇಸರಿಯ ನಾಲ್ಕು ಎಸಳು ಹಾಕಿದಂತೆ ಎಂದು ನಾನು ತರಗತಿಯಲ್ಲಿ ಹೇಳುತ್ತೇನೆ.

ಈ ಹರಳಿನ ದೊಡ್ಡ ಸೊಬಗು ಎಂದರೆ ಅದು ಒಂದೇ ಬಣ್ಣದ್ದಲ್ಲ. ಒಂದು ದಿಕ್ಕಿನಿಂದ ನೋಡಿದರೆ ನೀಲಿ, ತಿರುಗಿಸಿದರೆ ನೇರಳೆ. ಕಾಸದ ಹಸಿ ಕಲ್ಲಿನಲ್ಲಾದರೆ ಮೂರನೆಯ ದಿಕ್ಕಿನಲ್ಲಿ ಕಂದು ಕೆಂಪು ಕಾಣುತ್ತದೆ. ನವಿಲುಕುತ್ತಿಗೆ ಬಣ್ಣದ ರೇಷ್ಮೆ ಸೀರೆ ನಿಮಗೆ ಗೊತ್ತಿದ್ದೇ ಇದೆ. ಹಾಸಿಗೆ ಒಂದು ಬಣ್ಣ, ಹೊಕ್ಕಿಗೆ ಇನ್ನೊಂದು ಬಣ್ಣ ಹಾಕಿ ನೇಯ್ದದ್ದರಿಂದ ಸೆರಗು ಅಲುಗಿದಾಗ ಬಣ್ಣ ಬದಲಾಗುತ್ತದೆ. ಈ ಹರಳಿನಲ್ಲಿ ಆ ನೇಯ್ಗೆಯನ್ನು ಅಣುಗಳ ಜೋಡಣೆ ಮಾಡುತ್ತದೆ. ಒಂದೊಂದು ದಿಕ್ಕಿನಲ್ಲಿ ಹಾದುಹೋಗುವ ಬೆಳಕಿನಿಂದ ಅದು ಒಂದೊಂದು ಬಣ್ಣವನ್ನು ಹೀರಿಕೊಳ್ಳುತ್ತದೆ. ಹಗಲಿನ ಬೆಳಕಿನಲ್ಲಿ ಹೆಚ್ಚು ನೀಲಿಯಾಗಿಯೂ, ಹಳೆಯ ಹಳದಿ ಬಲ್ಬಿನ ಕೆಳಗೆ ಹೆಚ್ಚು ನೇರಳೆಯಾಗಿಯೂ ಕಾಣುತ್ತದೆ.

ನೆಲದಿಂದ ತೆಗೆದಾಗ ಮಾತ್ರ ಬಹುಪಾಲು ಕಲ್ಲುಗಳು ಹೀಗಿರುವುದಿಲ್ಲ. ಮಬ್ಬಾದ ಕಂದು ಬಣ್ಣದ, ಯಾರೂ ಬಗ್ಗಿ ಎತ್ತಿಕೊಳ್ಳಬೇಕೆನ್ನಿಸದ ಚೂರುಗಳು ಅವು. ಅವನ್ನು ಸುಮಾರು 500ರಿಂದ 600 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹದವಾಗಿ ಕಾಸುತ್ತಾರೆ. ಆಗ ಕಂದು ಛಾಯೆ ಕಳೆದು ನೀಲಿ, ನೇರಳೆ ಉಳಿಯುತ್ತವೆ. ಮತ್ತೆ ಅದು ಹಳೆಯ ಬಣ್ಣಕ್ಕೆ ತಿರುಗುವುದಿಲ್ಲ. ಪುಟಕ್ಕಿಟ್ಟ ಚಿನ್ನ ಎಂದು ನಾವು ಹೊಗಳುತ್ತೇವಲ್ಲ, ಇದು ಪುಟಕ್ಕಿಟ್ಟ ಹರಳು. ಹೀಗೆ ಕಾಸುವುದು ಮೋಸವಲ್ಲ, ವ್ಯಾಪಾರದಲ್ಲಿ ಎಲ್ಲರಿಗೂ ಗೊತ್ತಿರುವ ಕ್ರಮ. ನೆಲದೊಳಗೇ ನೀಲಿಯಾದ ಕಲ್ಲುಗಳೂ ಇವೆ, ಆದರೆ ಅವು ಕಡಿಮೆ. ಕಾಳ್ಗಿಚ್ಚು ಬಂದು ಹುಲ್ಲುಗಾವಲು ಸುಟ್ಟಾಗ ನೆಲದ ಮೇಲಿದ್ದ ಕಂದು ಕಲ್ಲುಗಳು ನೀಲಿಯಾದವು, ದನ ಕಾಯುವ ಮಸಾಯಿ ಜನ ಅದನ್ನು ಕಂಡರು ಎಂಬ ಚೆಂದದ ಕಥೆಯೊಂದು ವ್ಯಾಪಾರಿಗಳ ಬಾಯಲ್ಲಿದೆ. ಹುಲ್ಲಿನ ಬೆಂಕಿಗೆ ಅಷ್ಟು ಹೊತ್ತು ಅಷ್ಟು ಶಾಖ ಹಿಡಿದಿಡುವ ಶಕ್ತಿ ಇಲ್ಲವೆಂದು ತಿಳಿದವರು ಹೇಳುತ್ತಾರೆ.

ಜಾಹೀರಾತುಗಳಲ್ಲಿ ಈ ಹರಳನ್ನು ಕಿಲಿಮಂಜಾರೊ ಪರ್ವತದ ಮಗಳೆಂಬಂತೆ ತೋರಿಸುವುದುಂಟು. ಪರ್ವತ ಹತ್ತಿರದಲ್ಲಿರುವುದು ನಿಜ. ಆದರೆ ಹರಳು ಅದರ ಮಗಳಲ್ಲ, ಮುತ್ತಜ್ಜಿಗಿಂತ ಹಿರಿಯಳು. ಜ್ವಾಲಾಮುಖಿಯಾದ ಕಿಲಿಮಂಜಾರೊ ಹುಟ್ಟಿ ಮೂವತ್ತು ಲಕ್ಷ ವರ್ಷವೂ ಆಗಿಲ್ಲ. ಟಾಂಜನೈಟ್ ಮೂಡಿದ್ದು ಸುಮಾರು 58 ಕೋಟಿ ವರ್ಷಗಳ ಹಿಂದೆ. ಆಗ ಭೂಮಿಯ ದೊಡ್ಡ ದೊಡ್ಡ ನೆಲದ ತುಂಡುಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಕೂಡಿಕೊಳ್ಳುತ್ತಿದ್ದವು. ನಮ್ಮ ಭಾರತದ ನೆಲವೂ ಆ ಕೂಟದಲ್ಲಿತ್ತು. ಹಾಗೆ ಕೂಡಿ ಆದ ಮಹಾಖಂಡಕ್ಕೆ ಗೊಂಡ್ವಾನ ಎಂಬ ಹೆಸರು ಬಂದದ್ದೇ ನಮ್ಮ ಮಧ್ಯಭಾರತದ ಗೊಂಡರ ನಾಡಿನಿಂದ. ಆ ಡಿಕ್ಕಿಯ ಒತ್ತಡಕ್ಕೂ ಕಾವಿಗೂ ಬಂಡೆಗಳು ಮಡಿಚಿ, ಬಿರುಕುಗಳಲ್ಲಿ ಖನಿಜ ತುಂಬಿದ ಬಿಸಿ ದ್ರವ ಹರಿದು, ಗ್ರಾಫೈಟ್ ಬೆರೆತ ಕಪ್ಪು ಬಂಡೆಯ ಸಂದಿನಲ್ಲಿ ಹರಳುಗಟ್ಟಿತು. ಬೇಕಾದ ಸಾಮಾನೆಲ್ಲ ಸರಿಯಾದ ಅಳತೆಯಲ್ಲಿ ಒಂದೇ ಕಡೆ ಸೇರಿದ್ದು ಮೆರೆಲಾನಿಯಲ್ಲಿ. ಇನ್ನೊಂದು ಅಂಥ ಜಾಗ ಈವರೆಗೆ ಸಿಕ್ಕಿಲ್ಲ.

ಜೋಯ್‌ಸೈಟ್ ಖನಿಜ ಮಾತ್ರ ಹೊಸದಲ್ಲ. ಆಸ್ಟ್ರಿಯದ ಸೌಆಲ್ಪೆ ಬೆಟ್ಟದಿಂದ ಒಬ್ಬ ಹರಳು ವ್ಯಾಪಾರಿ ಅದನ್ನು ತಂದು, ಇಂದಿನ ಸ್ಲೊವೇನಿಯದ ಲ್ಯುಬ್ಲಿಯಾನ ನಗರದಲ್ಲಿದ್ದ ಸಿಗ್ಮುಂಡ್ ಜೋಯ್ಸ್ ಎಂಬ ಶ್ರೀಮಂತನಿಗೆ ತೋರಿಸಿದ. ಜೋಯ್ಸ್ ವಿದ್ಯಾವಂತರಿಗೂ ಸಂಶೋಧಕರಿಗೂ ಹಣ ಕೊಟ್ಟು ಪೋಷಿಸಿದವನು. 1805ರಲ್ಲಿ ಖನಿಜಕ್ಕೆ ಅವನ ಹೆಸರೇ ಬಂತು. ಕಲ್ಲು ಹೊತ್ತು ತಂದವನ ಹೆಸರು ಬರಲಿಲ್ಲ. ಈ ಹರಳಿನ ಚರಿತ್ರೆಯಲ್ಲಿ ಇದು ಮತ್ತೆ ಮತ್ತೆ ಕಾಣುವ ಸಂಗತಿ.

1967ಕ್ಕೆ ಬರೋಣ. ಟಾಂಜಾನಿಯ ಎಂಬ ಹೆಸರಿಗೇ ಆಗ ಮೂರು ವರ್ಷ. 1961ರಲ್ಲಿ ಸ್ವತಂತ್ರವಾದ ಟಾಂಗನ್ಯೀಕ, 1964ರಲ್ಲಿ ಜಂಜಿಬಾರ್ ದ್ವೀಪಗಳೊಡನೆ ಸೇರಿ ಟಾಂಜಾನಿಯ ಆಗಿತ್ತು. ಅಲ್ಲಿನ ಅಧ್ಯಕ್ಷರು ಜೂಲಿಯಸ್ ನೈರೇರೆ. ಅವರೂ ಮೊದಲು ಶಾಲಾ ಮೇಷ್ಟರು. ಜನ ಅವರನ್ನು ಕೊನೆಯವರೆಗೂ 'ಮ್ವಾಲಿಮು', ಅಂದರೆ ಗುರುಗಳು ಎಂದೇ ಕರೆದರು. 1967ರ ಫೆಬ್ರವರಿಯಲ್ಲಿ ಅದೇ ಅರೂಷಾ ಪಟ್ಟಣದಲ್ಲಿ ಅವರ ಪಕ್ಷ ಒಂದು ಘೋಷಣೆ ಹೊರಡಿಸಿತು. ದೇಶದ ಮುಖ್ಯ ಸಂಪತ್ತು ಜನರ ಕೈಯಲ್ಲಿರಬೇಕು, ಸ್ವಂತ ದುಡಿಮೆಯಿಂದಲೇ ನಾವು ಮೇಲೆ ಬರಬೇಕು ಎಂಬುದು ಅದರ ಸಾರ. ಅರೂಷಾ ಘೋಷಣೆ ಎಂದೇ ಅದು ಚರಿತ್ರೆಯಲ್ಲಿ ಸೇರಿದೆ. ಅದೇ ವರ್ಷ, ಅದೇ ಸೀಮೆಯಲ್ಲಿ, ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲದ ಹರಳು ಸಿಕ್ಕಿತು.

ಸಿಕ್ಕಿದ್ದು ಯಾರಿಗೆ? ನನ್ನ ತರಗತಿಯ ಹುಡುಗಿಯರು ಯಾವ ಪಾಠದಲ್ಲಾದರೂ ಮೊದಲು ಕೇಳುವ ಪ್ರಶ್ನೆ ಅದೇ: "ಮಿಸ್, ಕಂಡುಹಿಡಿದವರು ಯಾರು?" ಇಲ್ಲಿ ಒಂದೇ ಉತ್ತರವಿಲ್ಲ. ಬಹುಕಾಲ ಪುಸ್ತಕಗಳಲ್ಲಿದ್ದ ಹೆಸರು ಮಾನುಯೆಲ್ ಡಿಸೋಜ. ಇವರು ನಮ್ಮ ಪಕ್ಕದ ಗೋವೆಯಿಂದ ಅಲ್ಲಿಗೆ ಹೋಗಿ ನೆಲೆಸಿದವರು, ಅರೂಷಾದಲ್ಲಿ ದರ್ಜಿ. ಬಿಡುವಾದಾಗ ಗುಡ್ಡ ಅಲೆದು ಹರಳು ಹುಡುಕುವ ಹುಚ್ಚು. 1967ರ ಜುಲೈನಲ್ಲಿ ಮೆರೆಲಾನಿಯಲ್ಲಿ ನೀಲಿ ಕಲ್ಲು ಕಂಡು, ಇದು ನೀಲವೇ ಇರಬೇಕೆಂದುಕೊಂಡು ಗಣಿ ಹಕ್ಕಿಗೆ ಅರ್ಜಿ ಹಾಕಿದರು. ಎರಡು ವರ್ಷ ಕಳೆಯುವುದರಲ್ಲಿ, 1969ರಲ್ಲಿ, ಕಾರು ಅಪಘಾತದಲ್ಲಿ ತೀರಿಕೊಂಡರು.

ಟಾಂಜಾನಿಯ ಸರ್ಕಾರ ಒಪ್ಪಿರುವ ಹೆಸರು ಜುಮಾನೆ ಂಗೋಮ ಅವರದು. ಆ ವರ್ಷದ ಜನವರಿಯಲ್ಲೇ ಅವರು ಈ ಕಲ್ಲುಗಳನ್ನು ಕಂಡು, ಪರೀಕ್ಷೆಗೆಂದು ದೊಡೋಮಾದ ಸರ್ಕಾರಿ ಪ್ರಯೋಗಾಲಯಕ್ಕೆ ಕಳಿಸಿದ್ದರು. 1984ರಲ್ಲಿ ನೈರೇರೆಯವರ ಸರ್ಕಾರ ಅವರಿಗೆ ಪ್ರಶಸ್ತಿಪತ್ರ ಕೊಟ್ಟಿತು. ಆಮೇಲೆ ಮರೆವು. 2018ರಲ್ಲಿ ಅಂದಿನ ಅಧ್ಯಕ್ಷ ಜಾನ್ ಮಗುಫುಲಿ ಅವರನ್ನು ಕರೆಸಿ, 10 ಕೋಟಿ ಟಾಂಜಾನಿಯ ಶಿಲ್ಲಿಂಗ್ ಕೊಡುವುದಾಗಿ ಸಭೆಯಲ್ಲಿ ಸಾರಿದರು. ಆ ಹೊತ್ತಿಗೆ ಂಗೋಮ ಕಾಯಿಲೆಯಿಂದ ಬಳಲಿದ್ದ ಮುದುಕರು. 2019ರಲ್ಲಿ ತೀರಿಹೋದರು. ಐವತ್ತು ವರ್ಷಕ್ಕೆ ಬಂದ ಮನ್ನಣೆಯನ್ನು ಅನುಭವಿಸಲು ಅವರಿಗೆ ಒಂದು ವರ್ಷವೂ ಸಿಕ್ಕಲಿಲ್ಲ.

ಹೆಸರಿಟ್ಟವರು ಮೂರನೆಯವರು. ಕಲ್ಲಿನ ಮಾದರಿಗಳು ನೈರೋಬಿಯ ಒಬ್ಬ ಭೂವಿಜ್ಞಾನಿಯ ಮೂಲಕ ಅಮೆರಿಕಕ್ಕೆ ಹೋದವು. ನ್ಯೂಯಾರ್ಕಿನ ಟಿಫನಿ ಒಡವೆ ಸಂಸ್ಥೆಯ ಹೆನ್ರಿ ಪ್ಲ್ಯಾಟ್ ಅವನ್ನು ನೋಡಿ ಮರುಳಾದರು. ಆದರೆ ಜೋಯ್‌ಸೈಟ್ ಎಂಬ ಹೆಸರು ಅವರಿಗೆ ಹಿಡಿಸಲಿಲ್ಲ. ಇಂಗ್ಲಿಷಿನಲ್ಲಿ ಹೇಳುವಾಗ ಅದು 'ಸೂಯಿಸೈಡ್', ಅಂದರೆ ಆತ್ಮಹತ್ಯೆ ಎಂಬಂತೆ ಕೇಳುತ್ತದೆ. ಪ್ರೀತಿಸಿದವಳಿಗೆ ಕೊಡುವ ಉಂಗುರಕ್ಕೆ ಅಂಥ ಹೆಸರೇ? ಹೀಗಾಗಿ 1968ರಲ್ಲಿ, ಹುಟ್ಟಿದ ದೇಶದ ಹೆಸರನ್ನೇ ಇಟ್ಟು ಟಾಂಜನೈಟ್ ಎಂದು ಮಾರುಕಟ್ಟೆಗೆ ಬಿಟ್ಟರು. ಈ ಹರಳು ಎರಡೇ ಕಡೆ ಸಿಗುತ್ತದೆ, ಒಂದು ಟಾಂಜಾನಿಯ, ಇನ್ನೊಂದು ಟಿಫನಿ ಅಂಗಡಿ ಎಂಬ ಅರ್ಥದ ಜಾಹೀರಾತು ಬಂತು. ದೇಶಕ್ಕೆ ಹೆಸರು ದಕ್ಕಿತು. ಅಂಗಡಿಗೆ ದಕ್ಕಿದ್ದು ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

1971ರಲ್ಲಿ ನೈರೇರೆ ಸರ್ಕಾರ ಗಣಿಗಳನ್ನು ರಾಷ್ಟ್ರೀಕರಿಸಿತು. ಉದ್ದೇಶ ಒಳ್ಳೆಯದೇ. ಆದರೆ ಗುಡ್ಡಕ್ಕೆ ಕಾವಲು ಹಾಕುವುದು, ಆಳದಿಂದ ಕಲ್ಲು ತೆಗೆದು ಮಾರುವುದು ಸುಲಭವಾಗಿರಲಿಲ್ಲ. ಕದ್ದು ತೋಡುವವರು ಹೆಚ್ಚಿದರು. 1980ರ ದಶಕ ಕಳೆಯುವ ಹೊತ್ತಿಗೆ ಸಾವಿರಾರು ಜನ ಗುದ್ದಲಿ, ಹಗ್ಗ ಹಿಡಿದು ಅಲ್ಲಿಗೆ ನುಗ್ಗಿದ್ದರು. ಕೊನೆಗೆ 1990ರಲ್ಲಿ ಸರ್ಕಾರ ಗುಡ್ಡವನ್ನು ಎ, ಬಿ, ಸಿ, ಡಿ ಎಂದು ನಾಲ್ಕು ಭಾಗ ಮಾಡಿತು. ಎಲ್ಲಕ್ಕಿಂತ ದೊಡ್ಡದಾದ ಸಿ ಭಾಗ ಕಂಪನಿಯ ಪಾಲಿಗೆ ಹೋಯಿತು. ಬಿ ಮತ್ತು ಡಿ ಸಣ್ಣ ಗಣಿಗಾರರಿಗೆ.

ಸಣ್ಣ ಗಣಿ ಎಂದರೆ ನಿಮ್ಮ ಕಣ್ಣ ಮುಂದೆ ಏನು ಬರುತ್ತದೋ ತಿಳಿಯದು. ಅದು ನೂರಾರು ಮೀಟರು ಆಳಕ್ಕೆ ಇಳಿಯುವ ಇಕ್ಕಟ್ಟಾದ ಬಿಲ. ಗಾಳಿ ಸಾಲದು, ಸಿಡಿಮದ್ದಿನ ಹೊಗೆ, ಗ್ರಾಫೈಟಿನ ಕರಿ ಧೂಳು. ದಿನಗೂಲಿ ಇಲ್ಲ. ಹರಳು ಸಿಕ್ಕಿದರೆ ಪಾಲು, ಸಿಗದಿದ್ದರೆ ಹೊಟ್ಟೆಗೆ ಮಾತ್ರ. ದೊಡ್ಡವರು ನುಸುಳಲಾರದ ಸಂದುಗಳಿಗೆ ಮಕ್ಕಳನ್ನು ಇಳಿಸುತ್ತಿದ್ದರು. ಆ ಹುಡುಗರಿಗೆ ಸ್ವಾಹಿಲಿ ಭಾಷೆಯಲ್ಲಿ 'ನ್ಯೋಕಾ' ಎಂದು ಹೆಸರು. ನ್ಯೋಕಾ ಎಂದರೆ ಹಾವು. ಸಿಡಿಮದ್ದು ಸಿಡಿದ ಮೇಲೆ ಹಾವಿನಂತೆ ತೆವಳಿ ಹೋಗಿ ಕಲ್ಲು ಕಂಡಿತೇ ಎಂದು ನೋಡಿ ಬರುವುದು ಅವರ ಕೆಲಸ. ಐದನೆಯ, ಆರನೆಯ ತರಗತಿಯಲ್ಲಿ ಇರಬೇಕಾದ ಮಕ್ಕಳು ಅವರಲ್ಲಿದ್ದರು. ಮೂವತ್ತು ವರ್ಷ ಹಾಜರಿ ಪುಸ್ತಕದಲ್ಲಿ ಹೆಸರು ಕೂಗಿದ ನನಗೆ, ಹಾವು ಎಂಬ ಹೆಸರಿಗೆ "ಬಂದೆ" ಎನ್ನುವ ಹುಡುಗನನ್ನು ನೆನೆದರೆ ಎದೆ ಹಿಂಡುತ್ತದೆ.

1998ರಲ್ಲಿ ವಿಪರೀತ ಮಳೆ ಬಂದು ಗುಂಡಿಗಳಿಗೆ ನೀರು ನುಗ್ಗಿತು. ಸತ್ತವರು ನೂರರ ಆಸುಪಾಸು ಎನ್ನುತ್ತಾರೆ. ಬಿಲಗಳು ಒಳಗೊಳಗೇ ಒಂದಕ್ಕೊಂದು ಕೂಡಿದ್ದರಿಂದ ಒಂದರ ನೀರು ಹತ್ತಕ್ಕೆ ಹರಿಯಿತು. 2008ರಲ್ಲಿ ಮತ್ತೆ ಅದೇ ಬಗೆಯ ಪ್ರವಾಹದಲ್ಲಿ ಹತ್ತಾರು ಜನ ಹೋದರು.

ಇಂಥ ಕಡೆ ಒಬ್ಬ ಹೆಣ್ಣುಮಗಳೂ ಇಳಿದಿದ್ದರು ಎಂದರೆ ನಂಬುವುದು ಕಷ್ಟ. ಆಕೆಯ ಹೆಸರು ಪಿಲಿ ಹುಸೇನ್. ಹೆಂಗಸರು ಗಣಿಯೊಳಗೆ ಇಳಿಯುವಂತಿಲ್ಲ ಎಂಬ ಕಟ್ಟಳೆ ಆಗ ಇತ್ತು. ಈಕೆ ಗಂಡಸಿನ ಬಟ್ಟೆ ತೊಟ್ಟು, ಗಂಡಸಿನಂತೆ ಮಾತಾಡಿ, ಗಂಡಸರ ಸಮಕ್ಕೆ ಅಗೆದು, 'ಮ್ಜೊಂಬಾ ಹುಸೇನ್' ಎನ್ನಿಸಿಕೊಂಡು ಸುಮಾರು ಹತ್ತು ವರ್ಷ ಕಳೆದರು. ಮ್ಜೊಂಬಾ ಎಂದರೆ ಸೋದರಮಾವ! ಈ ವೇಷದಲ್ಲೇ ಆಕೆಗೆ ಒಳ್ಳೆಯ ಹರಳುಗಳು ಸಿಕ್ಕವು. ಬಂದ ಹಣದಲ್ಲಿ ತಂದೆಗೆ, ತಾಯಿಗೆ, ಅವಳಿ ಅಕ್ಕತಂಗಿಗೆ ಮನೆ ಕಟ್ಟಿಸಿಕೊಟ್ಟರು. ಗುಟ್ಟು ಬಯಲಾದದ್ದು ವಿಚಿತ್ರ ರೀತಿಯಲ್ಲಿ. ಅತ್ಯಾಚಾರದ ದೂರೊಂದರಲ್ಲಿ ಗಣಿಯ ಗಂಡಸರ ಮೇಲೆ ಸಂಶಯ ಬಂದು ಪೊಲೀಸರು ಈ 'ಮಾವ'ನನ್ನೂ ಹಿಡಿದರು. ಆಗ ತಾನು ಹೆಣ್ಣೆಂದು ತೋರಿಸಿಕೊಡದೆ ಬೇರೆ ದಾರಿ ಇರಲಿಲ್ಲ. ಆಮೇಲೆ ಆಕೆ ತಮ್ಮ ಹೆಸರಿನಲ್ಲೇ ಗಣಿ ನಡೆಸಿ ಹತ್ತಾರು ಜನರಿಗೆ ಕೆಲಸ ಕೊಟ್ಟರು. 2017ರಲ್ಲಿ ಬಿಬಿಸಿ ಆಕೆಯ ಕಥೆಯನ್ನು ಜಗತ್ತಿಗೆ ಹೇಳಿತು.

ಇತ್ತ ಮಾರುಕಟ್ಟೆಯಲ್ಲಿ ಹರಳಿನ ಬೆಲೆ ಏರಿಳಿಯುತ್ತಲೇ ಇತ್ತು. 2001ರ ಕೊನೆಯಲ್ಲಿ, ಈ ಹರಳಿನ ವ್ಯಾಪಾರದಿಂದ ಭಯೋತ್ಪಾದಕರಿಗೆ ಹಣ ಹೋಗುತ್ತಿದೆ ಎಂದು ಅಮೆರಿಕದ ಪತ್ರಿಕೆಯೊಂದು ಬರೆಯಿತು. ದೊಡ್ಡ ಅಂಗಡಿಗಳು ಮಾರಾಟ ನಿಲ್ಲಿಸಿದವು, ಬೆಲೆ ಕುಸಿಯಿತು. ಅದರ ಪೆಟ್ಟು ಬಿದ್ದದ್ದು ಗುಂಡಿ ತೋಡುವವನ ಹೊಟ್ಟೆಯ ಮೇಲೆ. ಅಂಥ ಸಂಬಂಧಕ್ಕೆ ಆಧಾರವಿಲ್ಲವೆಂದು ಅಲ್ಲಿನ ಸರ್ಕಾರವೇ ಕೆಲವು ತಿಂಗಳಲ್ಲಿ ಹೇಳಿತು. 2002ರಲ್ಲಿ ಅಮೆರಿಕದ ವ್ಯಾಪಾರಿಗಳು ಡಿಸೆಂಬರಿನಲ್ಲಿ ಹುಟ್ಟಿದವರ ಹರಳುಗಳ ಪಟ್ಟಿಗೆ ಟಾಂಜನೈಟನ್ನು ಸೇರಿಸಿದರು. 1912ರಲ್ಲಿ ಗೊತ್ತುಮಾಡಿದ ಆ ಪಟ್ಟಿ ವ್ಯಾಪಾರಿಗಳೇ ಮಾಡಿದ್ದು ಎಂಬುದನ್ನು ನೆನಪಿಡಿ.

ಸಾಣೆ ಹಿಡಿಯುವ ಕೆಲಸದ ದೊಡ್ಡ ಪಾಲು ನಡೆದದ್ದು ನಮ್ಮ ಜೈಪುರದಲ್ಲಿ. ಟಾಂಜಾನಿಯದ ಹಸಿ ಕಲ್ಲು ರಾಜಸ್ಥಾನದ ಕುಶಲಿಗರ ಬೆರಳಲ್ಲಿ ಮಿಂಚು ಪಡೆದು ಅಮೆರಿಕಕ್ಕೆ ಹೋಗುತ್ತಿತ್ತು. ನಮ್ಮವರಿಗೆ ಅನ್ನ ಸಿಕ್ಕಿತು, ಸಂತೋಷ. ಆದರೆ ಟಾಂಜಾನಿಯದವರು, ನಮ್ಮ ಕಲ್ಲಿಗೆ ನಮ್ಮ ಮಕ್ಕಳೇ ಸಾಣೆ ಹಿಡಿಯಬಾರದೇಕೆ ಎಂದು ಕೇಳಿದರೆ ಅದೂ ನ್ಯಾಯವೇ. 2010ರಲ್ಲಿ ಅವರು ಒಂದು ಗ್ರಾಮಿಗಿಂತ ದೊಡ್ಡ ಹಸಿ ಕಲ್ಲನ್ನು ಹೊರದೇಶಕ್ಕೆ ಕಳಿಸುವುದನ್ನು ನಿಷೇಧಿಸಿದರು. ಹಾಗಿದ್ದರೂ ಕಳ್ಳಸಾಗಣೆ ನಿಲ್ಲಲಿಲ್ಲ. ಮಗುಫುಲಿಯವರು 2017ರಲ್ಲಿ ಸೈನ್ಯಕ್ಕೆ ಅಪ್ಪಣೆ ಕೊಟ್ಟು ಗಣಿಗಳ ಸುತ್ತ ಸುಮಾರು 24 ಕಿಲೋಮೀಟರು ಗೋಡೆ ಕಟ್ಟಿಸಿದರು. 2018ರ ಏಪ್ರಿಲಿನಲ್ಲಿ ಅದು ತೆರೆಯಿತು. ಒಳಗೆ ಹೋಗುವವರಿಗೂ ಹೊರಬರುವವರಿಗೂ ಒಂದೇ ಬಾಗಿಲು, ತಪಾಸಣೆ. ಂಗೋಮ ಅವರಿಗೆ ಬಹುಮಾನ ಸಾರಿದ್ದು ಆ ಸಮಾರಂಭದಲ್ಲೇ.

ಈಗ ನಮ್ಮ ಬೀರುವಿನ ಮಾತು. ನಮ್ಮ ಮನೆಯ ಹುಡುಗಿಯೊಬ್ಬಳ ಮದುವೆಗೆ ಒಡವೆ ತರಲು ಹೋದಾಗ, ಅಂಗಡಿಯವರು ಒಂದು ಉಂಗುರ ತೋರಿಸಿ "ಇದೂ ನೀಲವೇ, ಶನಿಗೂ ಆಗುತ್ತೆ, ಬೆಲೆನೂ ಕಡಿಮೆ" ಎಂದರು. ನೋಡಿದರೆ ಟಾಂಜನೈಟ್. ನಂಬಿಕೆ ಅವರವರದು, ಅದರ ಗೊಡವೆಗೆ ನಾನು ಹೋಗುವುದಿಲ್ಲ. ಆದರೆ ನೀಲ ಬೇರೆ ಖನಿಜ, ಇದು ಬೇರೆ. ನೀಲವೂ ಕೆಂಪೂ ಒಂದೇ ಕುಲ, ಕುರುಂದದ ಜಾತಿ. 1967ಕ್ಕೆ ಮೊದಲು ಯಾವ ಜ್ಯೋತಿಷಿಯೂ ಟಾಂಜನೈಟನ್ನು ಕಂಡಿರಲಾರರು. ಶನಿಮಹಾತ್ಮನಿಗೆ ಇದನ್ನು ಗಂಟು ಹಾಕಿದ್ದು ಗಲ್ಲಾಪೆಟ್ಟಿಗೆಯ ಶಾಸ್ತ್ರವೇ ಹೊರತು ಪಂಚಾಂಗದ್ದಲ್ಲ.

ಗಟ್ಟಿತನದಲ್ಲಿಯೂ ವ್ಯತ್ಯಾಸವಿದೆ. ವಜ್ರಕ್ಕೆ ಹತ್ತು ಎಂಬ ಅಳತೆಯಲ್ಲಿ ನೀಲ ಒಂಬತ್ತು. ಟಾಂಜನೈಟ್ ಆರರಿಂದ ಏಳು. ನಾವು ದಿನಾ ಒರೆಸುವ ಧೂಳಿನಲ್ಲಿ ಮರಳಿನ ಕಣಗಳಿರುತ್ತವೆ, ಅವುಗಳ ಗಟ್ಟಿತನ ಏಳು. ಪಾತ್ರೆ ತಿಕ್ಕುವ, ಹಿಟ್ಟು ನಾದುವ ಕೈಯಲ್ಲಿ ಉಂಗುರವಾದರೆ ಕೆಲವೇ ವರ್ಷದಲ್ಲಿ ಹೊಳಪು ಮಾಸುತ್ತದೆ. ಓಲೆಗೆ, ಪದಕಕ್ಕೆ ಒಳ್ಳೆಯದು. ಒಂದು ದಿಕ್ಕಿನಲ್ಲಿ ಸುಲಭವಾಗಿ ಸೀಳುವ ಗುಣವೂ ಇದಕ್ಕಿದೆ. ಬಿದ್ದರೆ ಒಡೆದೀತು. ಉಗುರುಬೆಚ್ಚಗಿನ ಸೋಪಿನ ನೀರಲ್ಲಿ ಮೆತ್ತಗೆ ತೊಳೆದರೆ ಸಾಕು. ಅಂಗಡಿಯಲ್ಲಿ ಅಲ್ಟ್ರಾಸಾನಿಕ್ ಯಂತ್ರಕ್ಕೋ ಹಬೆಗೋ ಕೊಡಬೇಡಿ. ಆಚಾರಿಗೆ ಬೆಸುಗೆಗೆ ಕೊಡುವಾಗ ಹರಳು ಬಿಡಿಸಿ ಇಟ್ಟುಕೊಳ್ಳಿ. ಹಿಂದೆ ಬೆಂಕಿಯಲ್ಲೇ ಬಣ್ಣ ಪಡೆದಿದ್ದರೂ ಈಗ ಹಠಾತ್ ಕಾವು ತಾಗಿದರೆ ಬಿರುಕು ಬಿಡುತ್ತದೆ.

2020ರ ಜೂನ್ ತಿಂಗಳಲ್ಲಿ, ಜಗತ್ತೆಲ್ಲ ಬಾಗಿಲು ಹಾಕಿಕೊಂಡು ಕುಳಿತಿದ್ದಾಗ, ಮೆರೆಲಾನಿಯಿಂದ ಒಂದು ಸುದ್ದಿ ಬಂತು. ಸನಿನಿಯು ಲೈಜರ್ ಎಂಬ ಸಣ್ಣ ಗಣಿಗಾರನಿಗೆ ಎರಡು ಟಾಂಜನೈಟ್ ಗಟ್ಟಿಗಳು ಸಿಕ್ಕಿದ್ದವು. ಒಂದರ ತೂಕ 9.27 ಕಿಲೋ, ಇನ್ನೊಂದು 5.1 ಕಿಲೋ. ಅಷ್ಟು ದೊಡ್ಡವು ಅದುವರೆಗೆ ಯಾರಿಗೂ ಸಿಕ್ಕಿರಲಿಲ್ಲ. ಸರ್ಕಾರವೇ ಕೊಂಡು 774 ಕೋಟಿ ಶಿಲ್ಲಿಂಗ್ ಕೊಟ್ಟಿತು, ಅಮೆರಿಕದ ಲೆಕ್ಕದಲ್ಲಿ 34 ಲಕ್ಷ ಡಾಲರಿನಷ್ಟು. ಆಗಸ್ಟಿನಲ್ಲಿ ಮತ್ತೊಂದು, 6.3 ಕಿಲೋ. ಲೈಜರ್ ಮಸಾಯಿ ಜನಾಂಗದವರು, ದನ ಸಾಕುವ ಮನೆತನ, ಮೂವತ್ತಕ್ಕೂ ಹೆಚ್ಚು ಮಕ್ಕಳ ತಂದೆ. ಹಣ ಏನು ಮಾಡುತ್ತೀರೆಂದು ಪತ್ರಕರ್ತರು ಕೇಳಿದಾಗ, ಒಂದು ದನ ಕಡಿದು ಊರಿಗೆ ಊಟ ಹಾಕಿಸುತ್ತೇನೆ, ಮನೆಯ ಹತ್ತಿರ ಒಂದು ಶಾಲೆ ಕಟ್ಟಿಸುತ್ತೇನೆ ಎಂದರು. ನಮ್ಮ ಸುತ್ತ ಮಕ್ಕಳನ್ನು ಓದಿಸಲಾಗದ ಬಡವರು ಬಹಳ, ನಾನೂ ಓದಿದವನಲ್ಲ ಎಂದೂ ಹೇಳಿದರು.

ಆ ಮಾತನ್ನು ಓದಿದ ದಿನ ನಾನು ಪತ್ರಿಕೆಯ ಆ ತುಂಡನ್ನು ಕತ್ತರಿಸಿ ಶಾಲೆಯ ಸೂಚನಾ ಫಲಕಕ್ಕೆ ಅಂಟಿಸಲೆಂದು ಎತ್ತಿಟ್ಟೆ. ಶಾಲೆ ತೆರೆದ ಮೇಲೆ ಅಂಟಿಸಿದೆ. ಮೆರೆಲಾನಿಯ ಹರಳು ಒಮ್ಮೆ ಮುಗಿಯುವಂಥದ್ದು. 58 ಕೋಟಿ ವರ್ಷದ ಹಿಂದೆ ಅಡುಗೆಯಾದ ಆ ಗುಡ್ಡದಲ್ಲಿ ಇನ್ನೊಂದು ಹರಳು ನಮ್ಮ ಕಾಲಕ್ಕೆ ಹುಟ್ಟುವುದಿಲ್ಲ. ಅದು ಮುಗಿಯುವುದರೊಳಗೆ ಅಲ್ಲಿನ ಮಕ್ಕಳು ಬಿಲದಿಂದ ಬೆಂಚಿಗೆ ಬಂದು ಕುಳಿತರೆ, ಆ ನೀಲಿಯಿಂದ ಊರಿಗೆ ಏನಾದರೂ ಉಳಿಯಿತು ಎನ್ನಬಹುದು. ನೀವು ಎಂದಾದರೂ ಅದನ್ನು ಕೊಳ್ಳುವುದಾದರೆ ಬೆಲೆ, ತೂಕ ಕೇಳುವಾಗ ಇನ್ನೊಂದು ಪ್ರಶ್ನೆಯನ್ನೂ ಸೇರಿಸಿ: ಇದನ್ನು ತೋಡಿದವರು ಯಾರು? ಅಂಗಡಿಯವರಿಗೆ ಉತ್ತರ ಗೊತ್ತಿಲ್ಲದಿರಬಹುದು. ನಾಲ್ಕು ಜನ ಕೇಳಿದರೆ ಐದನೆಯವರು ಬರುವ ಹೊತ್ತಿಗೆ ತಿಳಿದುಕೊಂಡಿರುತ್ತಾರೆ.